ಸುಂಕಣ್ಣನ ಹೆಸರಿನ ಕಲ್ಲು

ಗಾದಿಲಿಂಗಮ್ಮನ ಗಂಡ ಸುಂಕಣ್ಣನಿಗೆ ಇದ್ದದ್ದು ಒಂದೇ ರೋಗ. ಎಲ್ಲಾದರೂ ತನ್ನ ಹೆಸರು ಕಾಣಬೇಕು. ಆಂಧ್ರದ ಗಡಿಯ ಕೌತಾಳಂನ ಒಂದು ಸರ್ಕಾರಿ ಕಚೇರಿಯಲ್ಲಿ ಫೈಲುಗಳನ್ನು ಈ ಮೇಜಿನಿಂದ ಆ ಮೇಜಿಗೆ ಸಾಗಿಸುವ ಅಟೆಂಡರ್ ಆತ. ಆದರೆ ಊರಲ್ಲಿ ಯಾವ ಹಬ್ಬಕ್ಕೆ ಫ್ಲೆಕ್ಸ್ ಕಟ್ಟಿದರೂ ಅದರ ಕೆಳಗಿನ ಮೂಲೆಯಲ್ಲಿ ಹುಣಸೆಬೀಜದಷ್ಟು ಗಾತ್ರದ ಆತನ ಮುಖ ಇರಲೇಬೇಕು. ಇಲ್ಲದಿದ್ದರೆ ಎರಡು ದಿನ ಮನೆಯಲ್ಲಿ ಊಟ ರುಚಿಸುತ್ತಿರಲಿಲ್ಲ. ಆ ರುಚಿಸದ ಊಟವನ್ನೂ ಬಡಿಸುವವಳು ಗಾದಿಲಿಂಗಮ್ಮನೇ.

ಆಕೆ ಮದ್ದಿಕೇರದ ಕಡೆಯಿಂದ ಮದುವೆಯಾಗಿ ಬಂದವಳು. ಬಂದ ವರ್ಷದಿಂದ ಹತ್ತಿ ಬಿಡಿಸಲು ಹೋದಳು. ಆಮೇಲೆ ಹಳ್ಳಿಯ ಹೈಸ್ಕೂಲಿನಲ್ಲಿ ಮಧ್ಯಾಹ್ನದ ಊಟ ಬೇಯಿಸುವ ಕೆಲಸ ಸಿಕ್ಕಿತು. ಗಂಡನ ಜೊತೆ ದಾರಿಯಲ್ಲಿ ನಡೆಯುವಾಗ ನಾಲ್ಕು ಹೆಜ್ಜೆ ಹಿಂದೆ ನಡೆಯಬೇಕೆಂದು ಅತ್ತೆ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಹದಿನೇಳು ವರ್ಷ ಹಾಗೇ ನಡೆದಳು. ಹೊತ್ತ ಕೊಡ ಆಕೆಯದು, ಕೈಬೀಸಿಕೊಂಡು ಮುಂದೆ ಹೋಗುವ ಬೆನ್ನು ಅವನದು. ಆ ಬೆನ್ನಿನ ಅಂಗಿಯ ಪ್ರತಿ ಹೊಲಿಗೆಯೂ ಆಕೆಗೆ ಗೊತ್ತಿತ್ತು. ಅದರ ಮೇಲೆ ಗೌರವ ಮಾತ್ರ ಎಂದೋ ಹೋಗಿತ್ತು.

ಅವರ ಮಗಳು ಮೌನಿಕಾ ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪಾಯಖಾನೆ ಎಂದು ಒಂದು ಗೋಡೆ ಇತ್ತು. ಬಾಗಿಲು ಇರಲಿಲ್ಲ, ನೀರೂ ಇರಲಿಲ್ಲ. ಹಾಗಾಗಿ ದೊಡ್ಡ ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಗಾದಿಲಿಂಗಮ್ಮ ಬಡಿಸಿದ ಅನ್ನ ಸಾರನ್ನು ಒಣಗಂಟಲಲ್ಲೇ ನುಂಗಿ ಎದ್ದುಹೋಗುತ್ತಿದ್ದರು. ಆ ಬೇಸಿಗೆಯಲ್ಲಿ ಮೌನಿಕಾ ಕಿಬ್ಬೊಟ್ಟೆ ಹಿಡಿದುಕೊಂಡು ತರಗತಿಯಲ್ಲೇ ಬಿದ್ದಳು. ಆದೋನಿಯ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ದಿನವೆಲ್ಲ ನೀರು ಕುಡಿಯದೆ ಹೀಗೆ ಇದ್ದರೆ ಮೂತ್ರಪಿಂಡವೇ ಕೆಡುತ್ತದೆ ಎಂದು ಗದರಿದಳು. ಈ ಸುದ್ದಿ ಕೇಳಿದ ಸುಂಕಣ್ಣ ಮೇಲಿನವರಿಗೆ ಒಂದು ಅರ್ಜಿ ಹಾಕೋಣ ಎಂದ. ಅರ್ಜಿಗಳು ಎಲ್ಲಿಗೆ ಹೋಗುತ್ತವೆ ಎನ್ನುವುದು ಅವುಗಳನ್ನು ದಿನವೂ ಹೊರುವ ಆತನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಷ್ಟರಲ್ಲಿ ಆದೋನಿಯ ಹತ್ತಿ ವ್ಯಾಪಾರಿಗಳ ಒಂದು ಸೇವಾ ಸಂಘದವರಿಗೆ ಪುಣ್ಯ ಕಟ್ಟಿಕೊಳ್ಳುವ ಮನಸ್ಸಾಯಿತು. ಸಂಘದ ಅಧ್ಯಕ್ಷ ಉದಯಕುಮಾರ್, ಜಿನ್ನಿಂಗ್ ಮಿಲ್ಲಿನ ಯಜಮಾನ. ಕೊಡುವ ದುಡ್ಡನ್ನು ಸುಮ್ಮನೆ ಕೊಟ್ಟರೆ ಯಾರು ನೋಡುತ್ತಾರೆ? ಅದಕ್ಕೆ ದಂಪತಿ ಓಟ ಎಂದು ಒಂದು ಸ್ಪರ್ಧೆ ಹುಟ್ಟುಹಾಕಿದರು. ಗಂಡ ಹೆಂಡತಿ ಇಬ್ಬರೂ ಕೌತಾಳಂ ರಸ್ತೆಯಿಂದ ಆದೋನಿಯವರೆಗೆ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ನಾಲ್ಕು ತಾಸಿನೊಳಗೆ ಜೊತೆಯಾಗಿ ರಿಬ್ಬನ್ ದಾಟಿದ ಜೋಡಿ ಹೇಳಿದ ಒಂದು ಒಳ್ಳೆಯ ಕೆಲಸವನ್ನು ಸಂಘ ಮಾಡಿಸಿಕೊಡುತ್ತದೆ. ಒಬ್ಬರೇ ದಾಟಿದರೆ ಏನೂ ಇಲ್ಲ. ಹೆಣ್ಣುಮಕ್ಕಳು ಮರ್ಯಾದೆಯಿಂದ ಒಂದಕ್ಕೆ ಹೋಗಬೇಕಾದರೆ ಅವರ ಅಪ್ಪ ಅಮ್ಮ ಬಿಸಿಲಲ್ಲಿ ಏದುಸಿರು ಬಿಡಬೇಕು ಎನ್ನುವ ಈ ಲೆಕ್ಕಾಚಾರ ಹತ್ತಿ ಗೋದಾಮಿನಲ್ಲಿ ಮಾತ್ರ ಹೊಳೆಯುವಂಥದ್ದು. ಗಾದಿಲಿಂಗಮ್ಮನಿಗೆ ಮೈಯೆಲ್ಲ ಉರಿಯಿತು. ಉರಿದರೂ ಹೋಗಿ ಹೆಸರು ಬರೆಸಿದಳು, ಬೇಕಾದ ಕೆಲಸ ಶಾಲೆಯ ಹುಡುಗಿಯರಿಗೆ ಪಾಯಖಾನೆ ಎಂದೂ ಬರೆಸಿದಳು.

ಸುಂಕಣ್ಣ ಮೊದಲು ಒಲ್ಲೆ ಎಂದ. ಫೋಟೋ ಪೇಪರಿನಲ್ಲಿ ಬರುತ್ತದೆ ಎಂದು ಗೊತ್ತಾದ ಮೇಲೆ ಹೊಸ ಬೂಟು ತಂದ. ಹಿಂದಿನ ದಿನ ಹೆಂಡತಿಯನ್ನು ಕೂರಿಸಿಕೊಂಡು ಬುದ್ಧಿ ಹೇಳಿದ.

"ನಾನು ಮುಂದ ಓಡತೀನಿ, ನೀ ಹಿಂದ ಬಾ. ದಾರ್ಯಾಗ ನಮ್ಮೋರೆಲ್ಲ ನಿಂತಿರತಾರ. ನೀ ಮುಂದ ಬಂದ್ರ ನನ್ನ ಮರ್ಯಾದಿ ಏನಾಕೈತಿ?"

ಆಕೆ ತಲೆಯಾಡಿಸಿದಳು. ಅವನು ಹಿಂದೋ ಮುಂದೋ, ರಿಬ್ಬನ್ ದಾಟಿದರೆ ಸಾಕಾಗಿತ್ತು.

ಬೆಳಿಗ್ಗೆ ಆರಕ್ಕೆ ಓಟ ಶುರುವಾಯಿತು. ಊರಿನ ಸಾಹುಕಾರ ದಂಪತಿಗಳು ಬಣ್ಣಬಣ್ಣದ ಬೂಟು ಹಾಕಿಕೊಂಡು ಒಂದು ಫರ್ಲಾಂಗು ಓಡಿ, ಸೆಲ್ಫಿ ತೆಗೆದುಕೊಂಡು, ಹಿಂದೆ ಬರುತ್ತಿದ್ದ ಕಾರು ಹತ್ತಿದರು. ಉಳಿದ ಹತ್ತು ಹನ್ನೆರಡು ಜೋಡಿಗಳಲ್ಲಿ ಇವರೂ ಇದ್ದರು. ಗಾದಿಲಿಂಗಮ್ಮ ಹತ್ತಿ ಬಿಡಿಸುವಾಗಿನ ಹಾಗೆ ಸೀರೆಯನ್ನು ಕಚ್ಚೆ ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಓಡುತ್ತಿದ್ದಳು. ಬೇಕೆಂದಿದ್ದರೆ ಯಾವಾಗಲೋ ಗಂಡನನ್ನು ದಾಟಿ ಹೋಗಬಹುದಿತ್ತು. ಆದರೂ ಆ ಬೆನ್ನನ್ನೇ ನೋಡುತ್ತಾ, ಅದು ನಿಂತಾಗ ನಿಂತು, ನಡೆದಾಗ ನಡೆದು, ಹಲ್ಲು ಕಚ್ಚಿಕೊಂಡು ಬಂದಳು.

ಒಂಬತ್ತನೇ ಕಿಲೋಮೀಟರಿನ ಹತ್ತಿರ ಸುಂಕಣ್ಣನ ಅಕ್ಕ ಲಿಂಗಕ್ಕನ ಊರು. ಲಿಂಗಕ್ಕ ತಮ್ಮನಿಗಾಗಿ ರಸ್ತೆಯಲ್ಲೇ ಕುರ್ಚಿ ಹಾಕಿಸಿದ್ದಳು. ಓಡುತ್ತಿರುವ ಮನುಷ್ಯನಿಗೆ ಕುರ್ಚಿ! ಸುಂಕಣ್ಣ ಹೋಗಿ ಕುಳಿತೇಬಿಟ್ಟ. ಅಕ್ಕ ಕಾಲು ತೊಳೆದು, ಕುಂಕುಮ ಇಟ್ಟು, ಕೆಂಪು ಶಾಲು ಹೊದಿಸಿದಳು. ಆಮೇಲೆ ತಟ್ಟೆ ತುಂಬಾ ಉಗ್ಗಾಣಿ, ಮೇಲೆ ನಾಲ್ಕು ಮಿರ್ಚಿ ಬಜ್ಜಿ ಬಂತು. ಹೊತ್ತಾಗುತ್ತದೆ ಎಂದು ಗಾದಿಲಿಂಗಮ್ಮ ಎರಡು ಸಲ ಹೇಳಿದಳು. ಅಕ್ಕ ಕೊಟ್ಟದ್ದನ್ನು ಬೇಡವೆಂದರೆ ನೊಂದುಕೊಳ್ಳುತ್ತಾಳೆ ಎಂದು ಆತ ಇನ್ನೆರಡು ಬಜ್ಜಿ ಹಾಕಿಸಿಕೊಂಡ. ಮಗಳು ನೀರಿಲ್ಲದೆ ಬಿದ್ದಾಗ ಎಲ್ಲೂ ಕಾಣದ ಕರುಣೆ ಈಗ ಮಿರ್ಚಿ ಬಜ್ಜಿಯ ಮುಂದೆ ಹರಿಯುತ್ತಿತ್ತು. ಅರ್ಧ ತಾಸು ಹಾಳಾಯಿತು.

ಬಜ್ಜಿಗಳು ತಮ್ಮ ಕೆಲಸ ಶುರುಮಾಡಿದ್ದು ಹದಿನೇಳನೇ ಕಿಲೋಮೀಟರಿಗೆ. ಸುಂಕಣ್ಣ ಹೊಟ್ಟೆ ಹಿಡಿದುಕೊಂಡು ಜಾಲಿಪೊದೆಯ ಹಿಂದೆ ಓಡಿದ. ಅವತ್ತಿನ ದಿನ ಆತ ಮನಸಾರೆ ಓಡಿದ್ದು ಅಷ್ಟೇ ದೂರ. ವಾಪಸು ಬಂದವನು ಬೇವಿನ ಮರದ ಕೆಳಗೆ ಕುಸಿದು ಕುಳಿತ. ಆಗ ಒಂಬತ್ತೂ ಕಾಲು. ಹತ್ತರೊಳಗೆ ಇನ್ನೂ ನಾಲ್ಕು ಕಿಲೋಮೀಟರ್ ಹೋಗಬೇಕಿತ್ತು. ಆತ ಅತ್ತಿತ್ತ ನೋಡಿ, ದೂರದಲ್ಲಿ ಬರುತ್ತಿದ್ದ ಆಟೋಗೆ ಕೈ ತೋರಿಸಿದ.

"ಹತ್ತು. ಊರ ಹತ್ರ ಇಳಿದು ಓಡೋಣ. ಎವರಿಕಿ ತೆಲುಸ್ತಾದಿ, ಯಾರಿಗೆ ಗೊತ್ತಾಕೈತಿ?"

ಸಂಘದವರು ಮೋಟರ್‌ಸೈಕಲ್ಲಿನಲ್ಲಿ ಹಿಂದೆ ಮುಂದೆ ತಿರುಗುತ್ತಲೇ ಇದ್ದರು. ಕಂಡರೆ ಅಲ್ಲಿಗೆ ಎಲ್ಲ ಮುಗಿಯಿತು. ಗಾದಿಲಿಂಗಮ್ಮ ಆಟೋದವನಿಗೆ ಹೋಗು ಎಂದು ಸನ್ನೆ ಮಾಡಿದಳು. ಸೊಂಟದ ಸೆರಗನ್ನು ಬಿಚ್ಚಿದಳು. ಗಂಡನ ಹೆಗಲ ಮೇಲಿದ್ದ ಲಿಂಗಕ್ಕನ ಶಾಲನ್ನು ಎಳೆದು ಅವನ ಸೊಂಟಕ್ಕೆ ಸುತ್ತಿ ಬಿಗಿದು, ಅದರ ತುದಿಗೆ ತನ್ನ ಸೆರಗಿನ ತುದಿಯನ್ನು ಸೇರಿಸಿ ಗಂಟು ಹಾಕಿದಳು. ಮದುವೆಯಲ್ಲಿ ಅಯ್ಯನವರು ಹಾಕಿದ್ದ ಗಂಟಿಗಿಂತ ಇದು ಗಟ್ಟಿಯಾಗಿತ್ತು.

"ಈಗ ಏಳ್ರಿ," ಎಂದಳು. "ಬಿಚ್ಚಬೇಕಂದ್ರ ಬಿಚ್ಚರಿ. ನಾಕು ಮಂದಿ ಮುಂದ ಹೆಂಡ್ತಿ ಸೆರಗಿನ ಗಂಟು ಬಿಚ್ಚಿದಾತ ಅಂತ ಹೆಸರಾಕೈತಿ."

ಹೆಸರು ಎಂದ ಕೂಡಲೇ ಆತ ಎದ್ದ. ದಂಪತಿಯ ಗಂಟನ್ನು ನಡುಬೀದಿಯಲ್ಲಿ ಬಿಚ್ಚುವುದು ಅಶುಭ. ಹಾಗೆ ಬಿಚ್ಚಿದ ಗಂಡಸನ್ನು ಆ ಸೀಮೆಯಲ್ಲಿ ಯಾರೂ ಫ್ಲೆಕ್ಸಿನ ಮೂಲೆಗೂ ಹಾಕಿಕೊಳ್ಳುವುದಿಲ್ಲ. ಗಾದಿಲಿಂಗಮ್ಮ ಮುಂದೆ ಹೊರಟಳು. ಹದಿನೇಳು ವರ್ಷದಲ್ಲಿ ಮೊದಲ ಸಲ ಎದುರಿಗೆ ಬೆನ್ನಿರಲಿಲ್ಲ. ಬರೀ ರಸ್ತೆ ಇತ್ತು, ಬಿಸಿಲಿತ್ತು, ಆಚೆಗೆ ಆದೋನಿಯ ಗುಡ್ಡಗಳಿದ್ದವು. ಆಕೆಗೆ ಅಳು ಬಂದಿತು. ಹಿಂದಿನಿಂದ ಆತ ಮೆಲ್ಲಗೆ, ಮೆಲ್ಲಗೆ ಎಂದು ನರಳುವುದು ಕೇಳಿ ಅಳು ನಿಂತು ನಗು ಬಂದಿತು.

ಆದೋನಿಯೊಳಗೆ ಬಂದಾಗ ಜನ ಇದು ಯಾವುದೋ ಹರಕೆ ಎಂದುಕೊಂಡರು. ಬಳೆ ಮಾರುವ ದಸ್ತಗಿರಮ್ಮ ಎನ್ನುವ ಮುದುಕಿ ತನ್ನ ಕೊಡದ ನೀರನ್ನು ಇಬ್ಬರ ಕಾಲಿಗೂ ಸುರಿದು, ಒಳ್ಳೇದಾಗಲಿ ಎಂದು ಲಟಿಗೆ ಮುರಿದಳು. ಹತ್ತಕ್ಕೆ ಮೂರು ನಿಮಿಷ ಇರುವಾಗ ಗಾದಿಲಿಂಗಮ್ಮನ ಎದೆಗೆ ರಿಬ್ಬನ್ ತಾಗಿತು. ಸೆರಗಿನ ಹಿಂದೆ ಸುಂಕಣ್ಣನೂ ಒಳಗೆ ಬಂದು ಬಿದ್ದ.

ಉದಯಕುಮಾರ್ ಮೈಕನ್ನು ಕೊಟ್ಟದ್ದು ಬಿದ್ದವನಿಗೆ. ಆತ ಉಸಿರು ಸುಧಾರಿಸಿಕೊಂಡು, ಹೆಂಡತಿ ಹೆಣ್ಣುಜೀವ, ದಾರಿಯಲ್ಲಿ ಸೋತುಹೋಗುತ್ತಿದ್ದಳು, ಗಂಟು ಹಾಕಿಕೊಂಡು ಜೋಪಾನವಾಗಿ ಕರೆತಂದೆ ಎಂದು ಭಾಷಣ ಮಾಡಿದ. ಚಪ್ಪಾಳೆ ಬಿತ್ತು. ಗಾದಿಲಿಂಗಮ್ಮ ಪಕ್ಕದಲ್ಲಿ ನಿಂತು ಗಂಟು ಬಿಚ್ಚುತ್ತಿದ್ದಳು. ಅದು ಬೇಗ ಬಿಚ್ಚಿಕೊಳ್ಳಲಿಲ್ಲ, ಹಲ್ಲು ಹಚ್ಚಬೇಕಾಯಿತು.

ಸಂಘದವರು ಮಾತು ತಪ್ಪಲಿಲ್ಲ, ಅಷ್ಟನ್ನು ಒಪ್ಪಿಕೊಳ್ಳಬೇಕು. ಎರಡು ತಿಂಗಳಲ್ಲಿ ನಾಲ್ಕು ಬಾಗಿಲಿನ ಕಟ್ಟಡ ಎದ್ದಿತು, ಮೇಲೆ ನೀರಿನ ಟ್ಯಾಂಕು ಕೂತಿತು. ಗೋಡೆಯ ಕಲ್ಲಿನಲ್ಲಿ ಯಾರ ಹೆಸರು ಬರೆಸಲಿ ಎಂದು ಕೇಳಲು ಬಂದಾಗ ಸುಂಕಣ್ಣ ಅಂಗಿಯ ಗುಂಡಿ ಸರಿಮಾಡಿಕೊಂಡ. ಗಾದಿಲಿಂಗಮ್ಮ ಅವನಿಗಿಂತ ಮೊದಲೇ ಬಾಯಿ ತೆಗೆದಳು.

"ಅವರದೊಂದೇ ಇರಲಿರಿ. ನನ್ನದು ಬ್ಯಾಡ. ದೂರಕ ಕಾಣಂಗ ದೊಡ್ಡದಾಗಿ ಬರಸ್ರಿ."

ಹೆಂಡತಿಗೆ ಕೊನೆಗೂ ಬುದ್ಧಿ ಬಂತೆಂದು ಸುಂಕಣ್ಣ ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡ. ಕಲ್ಲು ಬಂತು. ಮೊಳದುದ್ದದ ಅಕ್ಷರದಲ್ಲಿ, ನಾಲ್ಕು ಬಾಗಿಲುಗಳ ಮೇಲೆ, ಸುಂಕಣ್ಣ. ಒಂದು ವಾರ ಆತ ಕಚೇರಿಗೆ ಹೋಗುವಾಗ ಸುತ್ತುಹಾಕಿ ಶಾಲೆಯ ಮುಂದೆಯೇ ಹೋದ. ಎಂಟನೇ ದಿನ ಒಳಗಿನಿಂದ ಒಂದು ಹುಡುಗಿ ಟೀಚರಿಗೆ ಕೂಗಿ ಹೇಳುವುದು ಕೇಳಿಸಿತು, ಸುಂಕಣ್ಣಗ ಹೋಗಿ ಬರತೀನಿ ಅಂತ. ಅವತ್ತಿನಿಂದ ಆ ದಾರಿ ಬಿಟ್ಟ. ಆದರೆ ಶಾಲೆಯಲ್ಲಿ ಆ ಕಟ್ಟಡಕ್ಕೆ ಬೇರೆ ಹೆಸರೇ ಉಳಿಯಲಿಲ್ಲ. ಟೀಚರುಗಳೂ ಹಾಗೆಯೇ ಅನ್ನತೊಡಗಿದರು.

ಗಾದಿಲಿಂಗಮ್ಮ ಈಗ ಮಧ್ಯಾಹ್ನ ಬಡಿಸುವಾಗ ಪ್ರತಿ ಹುಡುಗಿಯ ಮುಂದೆ ಒಂದು ಲೋಟ ನೀರು ಇಡುತ್ತಾಳೆ, ಖಾಲಿಯಾಗುವವರೆಗೆ ಅಲ್ಲೇ ನಿಂತಿರುತ್ತಾಳೆ. ಮೌನಿಕಾಗೆ ಎರಡು ಲೋಟ. ಆಕೆ ಎರಡನ್ನೂ ಗಟಗಟ ಕುಡಿದು, ತಟ್ಟೆ ತೊಳೆದಿಟ್ಟು, ತಾಯಿಯ ಕಡೆ ತಿರುಗಿ ಮುಖ ಗಂಭೀರ ಮಾಡಿಕೊಂಡು ಹೇಳುತ್ತಾಳೆ:

"ಅಮ್ಮಾ, ಅಪ್ಪನತ್ರ ಹೋಗಿ ಬರತೀನಿ."