ದಾವಲಣ್ಣ ಬೇಡವೆಂದ ಚೈನು

ನಮ್ಮ ಯಜಮಾನರ ಗಾಡಿಗೆ ಚೈನು ಹಾಕಿಸಲು ಹೇಳಿದವರು ದಾವಲಣ್ಣನಲ್ಲ — ನಾನು. ಇಷ್ಟು ವರ್ಷ ಊರು ನಂಬಿಕೊಂಡು ಬಂದದ್ದು ಸುಳ್ಳು, ಆ ಸುಳ್ಳು ಹುಟ್ಟಿದ್ದು ನನ್ನ ಬಾಯಲ್ಲಿ. ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೋದರೆ ನನ್ನ ಕಡೆಗೇ ವಾಲಿಬಿಡುತ್ತೇನೆ, ಅದು ನನ್ನ ಹಳೆಯ ಚಾಳಿ.

ಗಾಡಿ ಎಂದರೆ ಕಾರಲ್ಲ, ಟ್ರ್ಯಾಕ್ಟರೂ ಅಲ್ಲ. ಮೋಟರ್‌ಸೈಕಲ್ಲಿನಂತೆ ಹತ್ತಿ ಕೂತು ಓಡಿಸುವ, ನಾಲ್ಕು ದಪ್ಪ ಗಾಲಿಯ ವಾಹನ. ಧಾರವಾಡದ ಕಡೆಯ ರೆಸಾರ್ಟಿನವರು ಮಾರಿದ್ದನ್ನು ನಮ್ಮವರು ತಂದರು. ಮೊಣಕಾಲು ನೋವು, ಹೊಲಕ್ಕೆ ನಡೆಯಲಾಗುವುದಿಲ್ಲ ಎಂಬುದು ನೆಪ. ಹತ್ತಿದ ಮೇಲೆ ಮೊಣಕಾಲೂ ಇಲ್ಲ, ವಯಸ್ಸೂ ಇಲ್ಲ — ನಮ್ಮೂರು ಶಿರಗುಪ್ಪಿಯ ದನ, ಕೋಳಿ ಎಲ್ಲ ದಾರಿ ಬಿಡಬೇಕು. ಒಂದು ಬೇಸಿಗೆಯಲ್ಲಿ ಬದುವಿನ ಮೇಲೆ ಹಾರಿಸಲು ಹೋಗಿ ಮಗುಚಿಕೊಂಡರು. ಬುತ್ತಿ ಒಯ್ದ ನಾನು ನೋಡಿದ್ದು ಆಕಾಶಕ್ಕೆ ಮುಖ ಮಾಡಿದ ಗಾಲಿಗಳು, ಕೆಳಗೆ ಅವರು. ಭುಜದ ಎಲುಬು ಮುರಿದಿತ್ತು, ಅಷ್ಟೇ. ಆದರೆ ಹತ್ತಿರ ಹೋಗಿ ಮುಟ್ಟುವವರೆಗೆ ‘ಅಷ್ಟೇ’ ಎಂದು ನನಗೆ ಹೇಗೆ ಗೊತ್ತಾಗಬೇಕು?

ಹಾಸಿಗೆಯಲ್ಲಿ ಮಲಗಿಯೂ ಅವರಿಗೆ ಗಾಡಿಯದೇ ಚಿಂತೆ. ಮಳೆಗಾಲದಲ್ಲಿ ಕಪ್ಪು ಎರೆ ಮಣ್ಣಿನ ಹೊಲಕ್ಕೆ ಇಳಿಯಬೇಕಲ್ಲ — ಬೇರೆ ಗಾಲಿ ಹಾಕಿಸುವುದೋ, ಗಾಲಿ ತೆಗೆದು ರಬ್ಬರ್ ಚೈನು ಹಾಕಿಸುವುದೋ. ಬುಲ್ಡೋಜರಿಗೆ ಇರುತ್ತದಲ್ಲ, ಅಂಥ ಪಟ್ಟಿ, ಸಣ್ಣದು. ತೀರ್ಮಾನ ಹೇಳಬೇಕಾದವರು ದಾವಲಣ್ಣ, ಅಂದರೆ ತಾರಿಹಾಳದಲ್ಲಿ ವರ್ಕ್‌ಶಾಪ್ ಇಟ್ಟಿರುವ ದಾವಲಸಾಬ, ನಮ್ಮವರ ಜೊತೆ ಒಂದೇ ಶಾಲೆಯಲ್ಲಿ ಕಲಿತವರು. ಅವರಿಗೆ ನಮ್ಮವರು ಬಸಣ್ಣ, ನಾನು ವೈನಿ, ಅಂದರೆ ಅತ್ತಿಗೆ. ವರ್ಕ್‌ಶಾಪಿನ ಸದ್ದಿನಲ್ಲಿ ಅವರಿಗೆ ಫೋನು ಕೇಳಿಸುವುದಿಲ್ಲ. ಹಾಗಾಗಿ ನಮ್ಮವರು ನನ್ನನ್ನು ಕಳಿಸಿದರು.

"ಅಂವ ಏನ್ ಹೇಳ್ತಾನ ಹಂಗ ಆಗ್ಲಿ. ಹೋಗಿ ಕೇಳ್ಕೊಂಡ ಬಾ."

ದಾವಲಣ್ಣ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಚಹಾ ತರಿಸಿ, ತಿಳಿಸಿ ಹೇಳಿದರು.

"ಚೈನ್ ಬ್ಯಾಡ್ರಿ ವೈನಿ. ಉಸುಕಿನ್ಯಾಗಾದ್ರ ಛಲೋ. ನಿಮ್ಮ ಎರಿ ಮಣ್ಣು ಅಂಟು ಐತಿ, ಚೈನಿನ ಒಳಗ ಮೆತ್ಗೊಂಡ್ರ ಕಳಚಿ ಬೀಳ್ತೈತಿ. ಎತ್ತರಂದು, ಅಗಲ ಕಮ್ಮಿ ಇರೋ ಗಾಲಿ ಹಾಕೋಣ. ಮತ್ತ ಚೈನ್ ಹಾಕಿದ್ರ ಗಾಡಿ ಅರ್ಧಾ ಓಟಕ್ಕ ಬರ್ತೈತಿ. ಬಸಣ್ಣ ಅದನ್ನ ತಡ್ಕೊಳ್ಳಂಗಿಲ್ಲ."

ಅರ್ಧ ಓಟ. ಅವರು ದೋಷವೆಂದು ಹೇಳಿದ್ದು ನನ್ನ ಕಿವಿಗೆ ವರದಂತೆ ಬಿತ್ತು.

"ಅವ್ರಿಗೆ ಚೈನೇ ಬೇಕಂತ್ರಿ ಅಣ್ಣಾರ. ಭಾಳ ಮನಸ್ಸು ಮಾಡ್ಯಾರ" ಎಂದೆ. ಮನೆಗೆ ಬಂದು ಗಂಡನಿಗೆ ಹೇಳಿದೆ — "ಚೈನೇ ಹಾಕಸ್ರಿ ಅಂದ್ರು ದಾವಲಣ್ಣಾರು." ಗೆಳೆಯನ ಆಸೆ ಎಂದು ಒಬ್ಬರು ಹಾಕಿದರು, ಗೆಳೆಯನ ಮಾತು ಎಂದು ಇನ್ನೊಬ್ಬರು ಹಾಕಿಸಿಕೊಂಡರು.

ನಿಜ ಹೇಳಬೇಕೆಂದರೆ ಆ ಸುಳ್ಳಿಗೆ ನನಗೆ ಈಗಲೂ ಅಂಥ ಪಶ್ಚಾತ್ತಾಪವಿಲ್ಲ. ಗಾಡಿ ಎತ್ತಿನ ಬಂಡಿಯ ಓಟಕ್ಕೆ ಬಂತು. ನೆಲ ಒಣಗಿದ ದಿನಗಳಲ್ಲಿ ಸಂಜೆ ನಾನೂ ಹಿಂದೆ ಕೂರುತ್ತೇನೆ. ಯಾರ ಹತ್ತಿ ಕಾಯಿ ಕಟ್ಟಿದೆ, ಯಾರ ಗೋವಿನಜೋಳ ತೆನೆ ಬಿಟ್ಟಿದೆ ಎಂದು ನೋಡುತ್ತ, ಎದುರಾದವರನ್ನೆಲ್ಲ ಮಾತಾಡಿಸುತ್ತ ಹೋಗುತ್ತೇವೆ. "ಈ ಓಟಾನ ಛಲೋ ನೋಡು" ಎಂದು ಈಗ ಅವರೇ ಹೇಳುತ್ತಾರೆ. ಸುಖವಾಗಿದ್ದೇನೆ. ನನ್ನ ತಪ್ಪು ಬೇರೆ ಕಡೆ ಇದೆ.

ಚೈನು ಹಾಕಿಸಿದ ವರ್ಷದ ಶೀಗಿ ಹುಣ್ಣಿಮೆ. ಅಂದು ಹೊಲಕ್ಕೆ ಹೋಗಿ, ಅಡುಗೆಯ ಎಡೆಯನ್ನು ಬೆಳೆಯ ಮೇಲೆ ಎರಚಿ ಭೂಮಿತಾಯಿಗೆ ಚರಗ ಚೆಲ್ಲಿ, ಬಂಧುಗಳು ಗೆಳೆಯರು ಕೂಡಿ ಅಲ್ಲೇ ಉಣ್ಣುವುದು ನಮ್ಮ ಕಡೆಯ ಪದ್ಧತಿ. ದಾವಲಣ್ಣ ತಪ್ಪದೆ ಬರುತ್ತಿದ್ದರು. ಬುತ್ತಿಯ ಬುಟ್ಟಿ ಹೊರುವುದು ತಮ್ಮ ಹಕ್ಕು ಎನ್ನುತ್ತಿದ್ದರು. ಆ ಸಲ ನಮ್ಮವರು ಜಂಬದಿಂದ ಬುತ್ತಿಯನ್ನು ಗಾಡಿಗೇ ಹೇರಿಕೊಂಡು, ಹಿಂದಿನ ದಿನ ಮಳೆ ಬಿದ್ದ ಹೊಲಕ್ಕೆ ಇಳಿದರು. ದಾವಲಣ್ಣ ಹೇಳಿದ್ದೇ ಆಯಿತು. ಮಣ್ಣು ಮೆತ್ತಿ, ಚೈನು ಕಳಚಿ, ಗಾಡಿ ಹೊಲದ ನಡುವೆ ಕೂತುಬಿಟ್ಟಿತು. ಬಂದವರೆಲ್ಲ ನಕ್ಕರು. ಊಟಕ್ಕೆ ಕೂತರೂ ಚೇಷ್ಟೆ ನಿಲ್ಲಲಿಲ್ಲ. ನಮ್ಮವರಿಗೆ ಮಾನ ಉಳಿಸಿಕೊಳ್ಳಬೇಕಿತ್ತು.

"ಈ ದಾವಲ್ಯಾನ ಮಾತು ಕೇಳಿ ಕೆಟ್ಟೆ ನೋಡ್ರಿ. ಎರಿ ಮಣ್ಣು ತಿಳೀಲಾರದಾವ ಗಾಡಿ ಏನ್ ರಿಪೇರಿ ಮಾಡ್ತಾನ."

ದಾವಲಣ್ಣನ ಕೈಯ ರೊಟ್ಟಿ ಅಲ್ಲೇ ನಿಂತಿತು. ನನ್ನ ಕಡೆ ನೋಡಿದರು. ನಾನು ಯಾರಿಗೆ ಏನು ಹೇಳಿದ್ದೇನೆಂದು ಅವರಿಗೆ ಆಗ ಹೊಳೆಯಿತು. ಬಾಯಿ ತೆರೆದರು ಕೂಡ. ನಾನು — ನಾನು ಬಗ್ಗಿ ಅವರ ತಟ್ಟೆಗೆ ಇನ್ನೊಂದು ಶೇಂಗಾ ಹೋಳಿಗೆ ಹಾಕಿದೆ. "ಉಣ್ರಿ ಅಣ್ಣಾರ" ಎಂದೆ. ಅವರು ಬಾಯಿ ಮುಚ್ಚಿದರು. ಹೋಳಿಗೆ ತಿಂದರು, ಕೈ ತೊಳೆದರು, ಹಾರೆ ಹಾಕಿ ಚೈನನ್ನು ಮತ್ತೆ ಕೂರಿಸಿಕೊಟ್ಟು ಹೊರಟುಹೋದರು.

ಅಂದು ನಾನು ಒಂದು ಮಾತು ಆಡಿದ್ದರೆ... ಆ ನಗು ನನ್ನ ಪಾಲಿಗೆ ಬರುತ್ತಿತ್ತು, ಇನ್ನೇನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ನುಂಗಿದ ಮಾತಿನಿಂದ ಏನೇನು ಹೋಗುತ್ತದೆಂದು ನಾನು ಕಂಡಿದ್ದೇನೆ. ‘ಎರಿ ಮಣ್ಣು ತಿಳೀಲಾರದಾವ’ ಎಂಬುದು ಅವರ ಹೆಸರಿಗೆ ಅಂಟಿಕೊಂಡಿತು. ನಮ್ಮೂರಿನವರು ಟ್ರ್ಯಾಕ್ಟರುಗಳನ್ನು ಬೇರೆ ಕಡೆ ಒಯ್ಯತೊಡಗಿದರು. ದಾವಲಣ್ಣ ಮತ್ತೆ ಚರಗಕ್ಕೆ ಬರಲಿಲ್ಲ. ಪ್ರತಿ ಶೀಗಿ ಹುಣ್ಣಿಮೆಗೆ ನಮ್ಮವರು ಊಟಕ್ಕೆ ಕೂಡುವ ಮೊದಲು ಬಂಡಿ ದಾರಿಯತ್ತ ಒಮ್ಮೆ ನೋಡುತ್ತಾರೆ. "ಅಂವ ಬರಂಗಿಲ್ಲ. ನೀಡು" ಎನ್ನುತ್ತಾರೆ. ನಾನು ನೀಡುತ್ತೇನೆ.

ಮೊನ್ನೆ ತಾರಿಹಾಳಕ್ಕೆ ಹೋದೆ.

"ಈ ಸಲ ಚರಗಕ್ಕ ಬರ್ರಿ ಅಣ್ಣಾರ."

"ಯಾಕ್ರಿ ವೈನಿ, ಚೈನ್ ಮತ್ತ ಕಳಚೈತೇನ್ರಿ?" ಕೆಲಸದಿಂದ ಕಣ್ಣು ಎತ್ತಲಿಲ್ಲ.

"ಇಲ್ರಿ. ಚೈನ್ ಹಾಕಿಸಿದಾಕಿ ನಾನು ಅಂತ ಎಲ್ಲಾರ ಮುಂದ ಹೇಳಾಕಿ ಅದೇನಿ. ನೀವು ಅಲ್ಲಿರಬೇಕು."

ಬಹಳ ಹೊತ್ತು ಕೈ ಒರೆಸಿಕೊಂಡರು. "ಬಸಣ್ಣಗ ಗೊತ್ತೈತೇನ್ರಿ?"

"ಇಲ್ಲ."

"ಸಿಟ್ಟಾಗ್ತಾನ."

"ಆಗ್ಲಿ."

ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಬರದಿದ್ದರೂ ನಾನು ಹೇಳುತ್ತೇನೆ. ಮನೆಯಲ್ಲಿ ಗಂಡನ ಕಿವಿಯಲ್ಲಿ ಉಸುರಿ ಮುಗಿಸಬಹುದು, ಸುಲಭ. ಆದರೆ ದಾವಲಣ್ಣನ ಹೆಸರು ಕೆಟ್ಟದ್ದು ಹೊಲದಲ್ಲಿ, ಹತ್ತು ಮಂದಿಯ ಮುಂದೆ, ನಾನು ನೋಡುತ್ತಿರುವಾಗ. ರೊಟ್ಟಿ, ಪಲ್ಯ ಎಲ್ಲರಿಗೂ ನೀಡಿ, ಹೋಳಿಗೆಯ ಬುಟ್ಟಿಯನ್ನು ಕೆಳಗಿಟ್ಟು ಹೇಳುತ್ತೇನೆ. ಹೋಳಿಗೆ ಆಮೇಲೆ — ಅದೂ ದಾವಲಣ್ಣ ತಟ್ಟೆ ಮುಂದೆ ಮಾಡಿದರೆ.