ಶಬ್ದ ಮಾಡದ ಪ್ಯಾಡು

ನಾನು ಹೊಸನಗರದಲ್ಲಿ ಟೈಲರ್. ಮಗಳಿಗೆ ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ. ನಡೆಯುತ್ತಾಳೆ, ಓದಿನಲ್ಲಿ ಚುರುಕು, ಆದರೆ ಮೂತ್ರ ಬಂದದ್ದು ಅವಳಿಗೆ ಗೊತ್ತಾಗುವುದಿಲ್ಲ. ಚಿಕ್ಕ ಮಕ್ಕಳ ಡೈಪರ್ ಆರನೇ ವರ್ಷಕ್ಕೇ ಸಾಲದಾಯಿತು. ಆಮೇಲೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ, ಹಳೆಯ ಪಂಚೆ, ಟವೆಲ್ಲುಗಳಿಂದ ನಾನೇ ಹೊಲಿದುಕೊಡುತ್ತಿದ್ದೆ.

ಆರನೇ ಕ್ಲಾಸಿಗೆ ಬಂದ ಮೇಲೆ ಅವಳಿಗೆ ಮೇಲಿಂದ ಮೇಲೆ ಜ್ವರ. ಸಾಗರದ ಸರ್ಕಾರಿ ಡಾಕ್ಟರು ಮೂತ್ರದ ಸೋಂಕು ಎಂದರು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀಯ ಎಂದು ಕೇಳಿದಾಗ ಅವಳು ನನ್ನ ಮುಖ ನೋಡಿದಳು.

"ಶಾಲೇಲಿ ಕುಡಿಯಲ್ಲ. ವಾಸನೆ ಬರ್ತದೆ ಅಂತಾರೆ."

ಒಂದೇ ಮನೆಯಲ್ಲಿದ್ದೂ ನನಗದು ಗೊತ್ತಿರಲಿಲ್ಲ.

ಔಷಧಿಯ ಜೊತೆ ದೊಡ್ಡ ಮಕ್ಕಳ ಪ್ಯಾಡಿಗೂ ಡಾಕ್ಟರು ಚೀಟಿ ಬರೆದರು. ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ಉದ್ದ ಸಾಲು. ನಮ್ಮ ಸರದಿ ಬಂದಾಗ ಬಾಯಿಬಿಟ್ಟು ಕೇಳಲಾಗದೆ ಚೀಟಿಯನ್ನು ಮಡಚಿಯೇ ಒಳಗೆ ತಳ್ಳಿದೆ. ಅಲ್ಲಿದ್ದ ನರ್ಸಮ್ಮ ಅದನ್ನು ಓದಿ, ಎದ್ದು ಬಂದು, ನಮ್ಮನ್ನು ಪಕ್ಕದ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು.

"ಇಲ್ಲಿರೋದು ದೊಡ್ಡೋರ ಸೈಜು ಮಾತ್ರ. ಇವ್ಳಿಗೆ ಜಾರ್ತದೆ. ಬರೆದು ತರಿಸ್ಬೇಕು. ಸೊಂಟ ಎಷ್ಟು?"

"ಇಪ್ಪತ್ತೆರಡೂವರೆ ಇಂಚು. ತೊಡೆ ಹದಿಮೂರು."

"ಎಲ್ಲಾ ಬಾಯಲ್ಲೇ ಇದ್ಯಲ್ಲ," ಎಂದು ನಕ್ಕು, ಮಗಳ ಕಡೆ ತಿರುಗಿದರು. "ನಿಂಗೆ ಹೇಗಿದ್ರೆ ಒಳ್ಳೇದು? ಹಾಕ್ಕೊಳ್ಳೋಳು ನೀನಲ್ವಾ?"

ಇಷ್ಟು ವರ್ಷ ಹೊಲಿದವನು ನಾನು. ಗಿರಾಕಿಗಳ ಹತ್ತಿರವೆಲ್ಲ ಕೇಳುವ ಈ ಮಾತನ್ನು ಅವಳ ಹತ್ತಿರ ಒಮ್ಮೆಯೂ ಕೇಳಿರಲಿಲ್ಲ.

ಮಗಳು, "ಕ್ಲಾಸಲ್ಲಿ ಎದ್ದು ಕೂತ್ರೆ ಶಬ್ದ ಆಗ್ಬಾರ್ದು," ಎಂದಳು. ನರ್ಸಮ್ಮ ಅದನ್ನೂ ಬರೆದುಕೊಂಡರು.

ಎರಡು ಸಲ ಹೋದಾಗ ಪ್ಯಾಡು ಇನ್ನೂ ಬಂದಿರಲಿಲ್ಲ. ಮೂರನೇ ಸಲ ಸಿಕ್ಕಿತು. ಶಬ್ದವೇನೋ ಇರಲಿಲ್ಲ, ಸೊಂಟದಲ್ಲಿ ಮಾತ್ರ ತುಸು ಸಡಿಲ. ಅದರ ಮೇಲೆ ಹಾಕಲು ಬಿಗಿಯಾದ ಹತ್ತಿಯ ಚಡ್ಡಿಗಳನ್ನು ಹೊಲಿದೆ, ಈ ಸಲ ಅವಳನ್ನು ಕೇಳಿ ಕೇಳಿ. ಬಟ್ಟೆಯನ್ನೂ ಅವಳೇ ಆರಿಸಿದಳು, ಕಡುನೀಲಿ. ಆ ವಾರ ಅವಳ ನೀರಿನ ಬಾಟಲಿ ಶಾಲೆಯಿಂದ ಖಾಲಿಯಾಗಿ ಬಂತು. ಹೆಂಡತಿ ಅದನ್ನು ನನಗೆ ತೋರಿಸಿ ತೊಳೆದಿಟ್ಟಳು.

ಕಳೆದ ತಿಂಗಳು ಆಸ್ಪತ್ರೆಗೆ ಹೋದಾಗ ಮಗಳು ನನ್ನನ್ನು ನರ್ಸಮ್ಮನ ಕೋಣೆಯ ಬಾಗಿಲಲ್ಲೇ ನಿಲ್ಲಿಸಿದಳು.

"ನೀನಿಲ್ಲೇ ಕೂತಿರು ಅಪ್ಪ. ನಾನೇ ಮಾತಾಡ್ತೀನಿ."

ಬೆಂಚಿನ ಮೇಲೆ ಅವಳ ಬ್ಯಾಗು ಹಿಡಿದು ಕೂತೆ. ಒಳಗೆ ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು.