ಮೂಗಮ್ಮನ ತೆಪ್ಪ, ನನ್ನ ಹೊಲಿಗೆ

ಮೂಗಮ್ಮ ನನಗಿಂತ ನಾಲ್ಕು ವರ್ಷ ದೊಡ್ಡವಳು. ನನ್ನ ಗಂಡ ಬೊಮ್ಮಣ್ಣನಿಗೆ ದೊಡ್ಡಪ್ಪನ ಮಗಳು. ಅವಳು ತೀರಿಕೊಂಡು ಮೂರು ವರ್ಷವಾಯಿತು. ದೇವಸಮುದ್ರದ ಕಡೆ ಅವಳನ್ನು ಹೊಗಳುವವರು ಈಗಲೂ ಬೇಕಾದಷ್ಟು ಜನ ಇದ್ದಾರೆ. ನಾನೂ ಹೊಗಳುತ್ತೇನೆ. ಆದರೆ ಅವಳ ಕೆಲಸವನ್ನು ಬೇಲಿಯ ಸಂದಿಯಿಂದಲೂ ಪಕ್ಕದಲ್ಲಿ ಕೂತೂ ಹದಿನೈದು ವರ್ಷ ನೋಡಿದವಳು ನಾನೊಬ್ಬಳೇ. ಹಾಗಾಗಿ ಬರೆಯುವುದಾದರೆ ನಾನೇ ಬರೆಯಬೇಕು.

ನಮ್ಮದು ತೆಪ್ಪದ ಬದುಕು. ಬಿದಿರು ಹೆಣೆದ ದೊಡ್ಡ ಬುಟ್ಟಿ, ಅದರ ಹೊರಮೈಗೆ ಗೋಣಿ ಹೊಲಿದು ಡಾಂಬರು ಬಳಿದರೆ ತೆಪ್ಪ. ಆಂಧ್ರದ ಗಡಿಯವರು ಅದನ್ನೇ ಪುಟ್ಟಿ ಅನ್ನುತ್ತಾರೆ. ಯಾವ ಕೆರೆಯಲ್ಲಿ ನೀರಿದೆಯೋ ಆ ಕೆರೆಗೆ ತೆಪ್ಪವನ್ನು ಬಸ್ಸಿನ ಮೇಲೆ ಕಟ್ಟಿಕೊಂಡು ಹೋಗುವುದು, ಮೀನು ಹಿಡಿಯುವುದು, ಮಳೆ ಬಂದರೆ ಅದನ್ನೇ ಬೋರಲು ಹಾಕಿ ಕೆಳಗೆ ಮಲಗುವುದು. ನಮಗೆ ದೋಣಿಯೂ ಅದೇ, ಮನೆಯೂ ಅದೇ. ತೊಂಬತ್ತೆಂಟರ ಮಳೆಗೆ ನಮ್ಮ ಕಡೆಯ ಡ್ಯಾಮು ತುಂಬಿತು. ಎರಡು ತೆಪ್ಪಗಳು ಅಲ್ಲಿ ನೆಲೆ ನಿಂತವು. ಒಂದು ನಮ್ಮದು. ಇನ್ನೊಂದು ಮೂಗಮ್ಮನದು. ಅವಳ ಗಂಡ ಮೊದಲೇ ಹೋಗಿದ್ದ. ಹುಟ್ಟು ಹಾಕುವುದು, ಬಲೆ ಬಿಡುವುದು ಎಲ್ಲ ಅವಳೊಬ್ಬಳೇ.

ಹುಟ್ಟು ಹಾಕುವುದರಲ್ಲಿ ಅವಳೇನೂ ನನ್ನ ಗಂಡನಿಗಿಂತ ಹೆಚ್ಚಲ್ಲ. ಅವಳ ಹೆಚ್ಚುಗಾರಿಕೆಯೆಲ್ಲ ರಿಪೇರಿಯಲ್ಲಿ. ಪ್ರತಿ ಬೇಸಿಗೆ ಅವಳು ತೆಪ್ಪದ ಹಳೆ ಗೋಣಿಯನ್ನು ಪೂರ್ತಿ ಕಿತ್ತು ಬಿದಿರನ್ನು ಬರಿದು ಮಾಡುತ್ತಿದ್ದಳು. ನಾವೆಲ್ಲ ತೂತಿದ್ದ ಕಡೆ ತೇಪೆ ಹಾಕಿ ಸುಮ್ಮನಾಗುತ್ತಿದ್ದೆವು. ಅವಳು ಒಂದೊಂದೇ ದಬ್ಬೆಯನ್ನು ಬೆರಳಿನಿಂದ ತಟ್ಟಿ, ಶಬ್ದ ಮಂಕಾಗಿ ಬಂದದ್ದನ್ನು ತೆಗೆದು ಹೊಸದು ನೇಯುತ್ತಿದ್ದಳು. ಆಮೇಲೆ ಬೇವಿನೆಣ್ಣೆ ಸವರಿ ಎಂಟು ದಿನ ನೆರಳಿನಲ್ಲಿ ಒಣಗಿಸುತ್ತಿದ್ದಳು. ಲಂಗರಿಗೆ ನಾವು ಕಲ್ಲು ಕಟ್ಟಿದರೆ ಅವಳು ಹಳೇ ಬೀಸುಕಲ್ಲಿನ ಮೇಲ್ಗಲ್ಲು ಕಟ್ಟಿದಳು, ನಡುವೆ ತೂತಿದ್ದುದರಿಂದ ಹಗ್ಗ ಜಾರಲಿಲ್ಲ. ಕೂರುವ ಹಲಗೆಯ ಕೆಳಗೆ ಲಾರಿಯ ಹಳೇ ಟ್ಯೂಬಿಗೆ ಗಾಳಿ ತುಂಬಿ ಇಟ್ಟಳು. ತೆಪ್ಪ ಮಗುಚಿದರೂ ಅದನ್ನು ಹಿಡಿದು ತೇಲಬಹುದಂತೆ.

ಹಾಯಿಯ ವಿಷಯ ಬೇರೆ. ಆಷಾಢದಲ್ಲಿ ನಮ್ಮ ಕಡೆ ಬೀಸುವ ಪಡುವಣ ಗಾಳಿ ಎಂಥದೆಂದರೆ ಒಣಗಹಾಕಿದ ಸೀರೆ ಪಕ್ಕದ ಊರಿಗೆ ಹೋಗಿರುತ್ತದೆ. ಆ ಗಾಳಿಗೆ ನಾವು ಬೈಯುತ್ತಿದ್ದೆವು. ಮೂಗಮ್ಮ ಚಳ್ಳಕೆರೆಯ ಸಂತೆಯಲ್ಲಿ ಕೊಡೆ ರಿಪೇರಿಯವನ ಹತ್ತಿರ ಹರಿದ ಕೊಡೆಗಳ ಬಟ್ಟೆ ತಂದು, ಒಂದಕ್ಕೊಂದು ಹೊಲಿದು ಕಪ್ಪನೆಯ ಹಾಯಿ ಮಾಡಿದಳು. ಕಂಬ ನಿಲ್ಲಿಸಲು ಮುರಿದ ಸೈಕಲ್ಲಿನ ಪೈಪನ್ನು ಬಿದಿರಿಗೆ ಬಿಗಿದಳು. ಹಗ್ಗ ಸಲೀಸಾಗಿ ಓಡಲಿ ಎಂದು ಮೊಳಕಾಲ್ಮೂರಿನ ನೇಕಾರರ ಮನೆಯಿಂದ ಹಳೇ ಮಗ್ಗದ ಗಾಲಿಯೊಂದನ್ನು ಕೇಳಿ ತಂದಳು. ಗಾಳಿ ಬೆನ್ನಿಗಿದ್ದಾಗ ಹಾಯಿ ಏರಿಸಿ, ಹಿಂದೆ ಹುಟ್ಟು ಇಳಿಬಿಟ್ಟು ದಿಕ್ಕು ಹಿಡಿದು, ಎಲೆ ಅಡಿಕೆ ಹಾಕಿಕೊಂಡು ಕೂತಲ್ಲೇ ದಾಟುತ್ತಿದ್ದಳು.

"ನೋಡೇ, ಅಕ್ಕನ ತಲೆ ಹೆಂಗ್ ಓಡ್ತೈತೆ!" ನನ್ನ ಗಂಡ ಹುಟ್ಟು ಬಿಟ್ಟು ಬಾಯಿ ತೆರೆದು ನೋಡುತ್ತಿದ್ದರು.

"ಅವಳ ತಲೆ ನೋಡ್ಕಂತ ಕುಂತ್ರೆ ನಮ್ ತೆಪ್ಪ ತಿರುಗ್ತಾನೇ ಇರ್ತೈತೆ. ಹುಟ್ಟು ಹಾಕ್ರಿ," ಎನ್ನುತ್ತಿದ್ದೆ.

ಅವರು ನನ್ನ ಅಡುಗೆಗೆ ಒಂದು ದಿನವೂ ಹಾಗೆ ಬಾಯಿ ತೆರೆದವರಲ್ಲ, ಉಣ್ಣುವುದಕ್ಕೆ ತೆರೆದದ್ದು ಬಿಟ್ಟರೆ.

ಡ್ಯಾಮಿನ ನೀರು ಆಚೆ ದಡದ ಹಟ್ಟಿಯ ದಾರಿಯನ್ನು ಮುಳುಗಿಸಿತ್ತು. ಸ್ಕೂಲಿನ ಮೇಷ್ಟ್ರು, ಹಾಲಿನವರು, ಬಸುರಿಯರು ಎಲ್ಲರೂ ತೆಪ್ಪದಲ್ಲೇ ದಾಟಬೇಕು. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಪಂಚಾಯ್ತಿಯ ಜಯದೇವಪ್ಪನವರು ದಡಕ್ಕೆ ಬಂದು ಹೇಳಿದರು: "ಸೇತುವೆ ಆಗೋತನ್ಕ ದಾಟಿಸೋ ಕೆಲ್ಸ ಒಂದೇ ತೆಪ್ಪಕ್ಕೆ ಕೊಡ್ತೀವಿ. ಆಷಾಢದಾಗೆ ನಾನೇ ಕುಂತು ನೋಡ್ತೀನಿ. ಯಾವುದು ಗಟ್ಟಿ ಐತೋ ಅದಕ್ಕೆ."

ಆ ಕೆಲಸ ಸಿಕ್ಕರೆ ಕೆರೆಯಿಂದ ಕೆರೆಗೆ ಅಲೆಯುವುದು ತಪ್ಪುತ್ತಿತ್ತು. ಗೋಡೆ ಇರುವ ಮನೆಯಲ್ಲಿ ಮಲಗಬಹುದಿತ್ತು. ನನಗೆ ಅದೂ ಬೇಕಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಬೇಕಿತ್ತು. ಒಂದೇ ಒಂದು ಸಲ ಎಲ್ಲರ ಎದುರಿಗೆ ಮೂಗಮ್ಮನ ತೆಪ್ಪಕ್ಕಿಂತ ನನ್ನದು ಗಟ್ಟಿ ಅನ್ನಿಸಿಕೊಳ್ಳಬೇಕಿತ್ತು.

ಆ ಬೇಸಿಗೆ ನಾನೂ ಗೋಣಿಯನ್ನು ಪೂರ್ತಿ ಕಿತ್ತೆ. ದಬ್ಬೆಗಳನ್ನು ತಟ್ಟಿದೆ. ಬೇವಿನೆಣ್ಣೆ ಸವರಿದೆ. ಅವಳು ಮಾಡಿದ್ದೆಲ್ಲ ಮಾಡಿದೆ, ಅವಳನ್ನು ಒಂದು ಮಾತೂ ಕೇಳದೆ. ಒಂದು ದಿನ ನಮ್ಮಿಬ್ಬರ ಬಿಡಾರದ ನಡುವಿನ ಬೇಲಿಯಿಂದ ನೋಡಿದರೆ ಅವಳು ಅಂಗಡಿಯಿಂದ ತಂದ ಹೊಸ ಗೋಣಿಬಟ್ಟೆಯನ್ನು ಹಂಡೆಯಲ್ಲಿ ಬೂದಿನೀರು ಹಾಕಿ ಕುದಿಸುತ್ತಿದ್ದಳು. ಕುದಿಸಿದ್ದನ್ನು ಬಂಡೆಗೆ ಒಗೆದಳು, ಮತ್ತೆ ಕುದಿಸಿದಳು. ನನಗೆ ನಗು ಬಂತು.

"ಏನಕ್ಕಾ, ತೆಪ್ಪಕ್ಕೆ ಮದ್ವೆ ಮಾಡ್ತೀಯಾ? ಹೊಸಾ ಬಟ್ಟೆ ಒಗೀತಾ ಇದ್ದೀಯಲ್ಲ!"

"ಹೂಂ ಮಂಜಿ, ಗಂಡು ಹುಡುಕ್ತಾ ಇವ್ನಿ. ನಿನ್ ತೆಪ್ಪಕ್ಕೆ ತಮ್ಮ ಇದ್ರೆ ಹೇಳು," ಎಂದು ಅವಳೂ ನಕ್ಕಳು. ಯಾಕೆ ಒಗೆಯುತ್ತೀಯ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು.

ಅವಳದಕ್ಕಿಂತ ಗಟ್ಟಿ ಬಟ್ಟೆ ಎಲ್ಲಿ ಸಿಗುತ್ತದೆಂದು ಯೋಚಿಸಿದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ನೆನಪಾದವು. ಶೇಂಗಾ ಹಿಂಡಿ ತುಂಬಿ ತುಂಬಿ ಎಣ್ಣೆ ಕುಡಿದ ಗೋಣಿ ಚರ್ಮದ ಹಾಗೆ ದಪ್ಪಗಿರುತ್ತದೆ. ಅದರ ಮೇಲೆ ನೀರು ಚೆಲ್ಲಿದರೆ ಹನಿಹನಿಯಾಗಿ ಉರುಳಿ ಹೋಗುತ್ತದೆ, ಒಳಗೆ ಇಳಿಯುವುದೇ ಇಲ್ಲ. ಗೋಣಿಯೇ ನೀರನ್ನು ಒಳಗೆ ಬಿಡುವುದಿಲ್ಲ, ಮೇಲೆ ಡಾಂಬರು ಬೇರೆ. ಮೂಗಮ್ಮನ ತಲೆಗೆ ಇದು ಹೊಳೆಯಲಿಲ್ಲವಲ್ಲ ಎಂದು ಹಿಗ್ಗಿದೆ. ಬಸ್ಸು ಹತ್ತಿ ಹೋಗಿ, ಮಿಲ್ಲಿನವರು ಬಿಸಾಡಿದ್ದರಲ್ಲಿ ಹನ್ನೊಂದು ಚೀಲ ಆರಿಸಿ ತಂದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಸಿದ್ದಕ್ಕ ಎಂಬಾಕೆ ಮೂಗು ಮುಚ್ಚಿಕೊಂಡು, "ಏನಮ್ಮಾ, ಗಾಣಾನೇ ಹೊತ್ಕಂಡ್ ಬಂದೀಯಾ?" ಎಂದಳು. ನನಗೆ ಬೇಸರವಾಗಲಿಲ್ಲ.

ಎರಡು ಪದರ ಹೊಲಿದೆ. ಗೇಣಿಗೆ ಒಂಬತ್ತು ಹೊಲಿಗೆ. ಮೂಗಮ್ಮನದು ಗೇಣಿಗೆ ಎಂಟು, ನಾನು ಅವಳಿಲ್ಲದಾಗ ಹೋಗಿ ಎಣಿಸಿದ್ದೆ. ಡಾಂಬರು ಕಾಸಿ ಮೂರು ಸಲ ಬಳಿದೆ. ಬಿಸಿಲಿಗೆ ನನ್ನ ತೆಪ್ಪ ಎಮ್ಮೆಯ ಮೈಯಂತೆ ಹೊಳೆಯಿತು. ನನ್ನ ಗಂಡ ಅದನ್ನು ಸುತ್ತು ಹಾಕಿ ನೋಡಿ, "ಅಕ್ಕನದ್ರಂಗೇ ಐತೆ ಕಣೇ," ಎಂದರು. ಅಕ್ಕನದರ ಹಾಗೆ! ಅದಕ್ಕಿಂತ ಚೆನ್ನಾಗಿದೆ ಎನ್ನಲು ಅವರಿಗೆ ನಾಲಗೆ ತಿರುಗಲಿಲ್ಲ.

ಆಷಾಢದ ಎರಡನೇ ಸೋಮವಾರ ಜಯದೇವಪ್ಪನವರು ಬಿಳೀ ಪಂಚೆಯುಟ್ಟು ಬಂದರು. ಮೊದಲು ನಮ್ಮ ತೆಪ್ಪ. ಅವರು, ನಾನು, ನನ್ನ ಗಂಡ. ಮೂಗಮ್ಮ ದಡದಲ್ಲಿ ತನ್ನ ತೆಪ್ಪದ ಪಕ್ಕ ನಿಂತು ನೋಡುತ್ತಿದ್ದಳು. ದಡದ ಕಲ್ಲಿಗೆ ತಳ ಉಜ್ಜಿಕೊಂಡು ತೆಪ್ಪ ನೀರಿಗೆ ಇಳಿಯಿತು. ಕಾಲುಭಾಗ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. "ಪರವಾಗಿಲ್ಲಮ್ಮ ಮಂಜಮ್ಮ, ಒಂದು ಹನಿ ಇಲ್ಲ," ಎಂದರು ಜಯದೇವಪ್ಪನವರು. ನಾನು ದಡದ ಕಡೆ ನೋಡಿದೆ, ಮೂಗಮ್ಮನಿಗೆ ಕೇಳಿಸಿರಲಿ ಎಂದು.

ನಡುನೀರಿಗೆ ಬಂದಾಗ ಪಕ್ಕದಲ್ಲಿ ಕಪ್ಪನೆಯದೊಂದು ತೇಲಿತು. ಹಾವೇನೋ ಎಂದುಕೊಂಡೆ. ಅದು ನನ್ನ ಡಾಂಬರು. ರೊಟ್ಟಿಯ ಮೇಲಿನ ಪದರ ಏಳುವ ಹಾಗೆ ಎದ್ದು, ಮೊಳದುದ್ದ ಸುಲಿದು ಬಂದಿತ್ತು. ಎಣ್ಣೆ ಕುಡಿದ ಗೋಣಿಗೆ ಡಾಂಬರು ಹಿಡಿದಿರಲೇ ಇಲ್ಲ, ಸುಮ್ಮನೆ ಮೇಲೆ ಕೂತಿತ್ತು. ಇನ್ನೊಂದು ಚೂರು ಎದ್ದಿತು. ಒಂಬತ್ತೊಂಬತ್ತು ಹೊಲಿಗೆಯ ಪ್ರತಿ ತೂತಿನಿಂದಲೂ ನೀರು ಚಿಮ್ಮತೊಡಗಿತು. ಜಯದೇವಪ್ಪನವರು ಎದ್ದು ನಿಂತರು.

"ಕುಂತ್ಕಳ್ರೀ ಸ್ವಾಮಿ! ಮಗುಚ್ತೈತೆ!" ನನ್ನ ಗಂಡ ಕೂಗಿದರು. ನಾನು ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಹಾಕಿದೆ. ನೀರು ಮೊಣಕಾಲಿಗೆ ಬಂತು.

ಆಗ ದಡದಲ್ಲಿ ಕಪ್ಪು ಹಾಯಿ ಮೇಲೇರಿತು. ಗಾಳಿ ಅವಳ ಬೆನ್ನಿಗಿತ್ತು. ಹುಟ್ಟು ಹಾಕಿ ಬಂದಿದ್ದರೆ ನಾವು ಮುಳುಗಿದ ಮೇಲೆ ಬಂದು ಮುಟ್ಟುತ್ತಿದ್ದಳು. ಹಾಯಿಯಲ್ಲಿ ಬಂದಳು. ಅಂಥ ಹೊತ್ತಿನಲ್ಲೂ ನಾನು ನೋಡಿದ್ದು ಆ ಮಗ್ಗದ ಗಾಲಿಯ ಮೇಲೆ ಹಗ್ಗ ಎಷ್ಟು ನುಣ್ಣಗೆ ಓಡುತ್ತದೆ ಎಂಬುದನ್ನು.

ಜಯದೇವಪ್ಪನವರನ್ನು ತನ್ನ ತೆಪ್ಪಕ್ಕೆ ಹತ್ತಿಸಿಕೊಂಡಳು. ಲಾರಿ ಟ್ಯೂಬನ್ನು ನನ್ನ ಕೈಗೆ ಎಸೆದಳು. ನಮ್ಮ ತೆಪ್ಪಕ್ಕೆ ಹಗ್ಗ ಬಿಗಿದು, "ಬೊಮ್ಮಾ, ನೀರು ಎತ್ತಾಕ್ತಾ ಇರು, ನಿಲ್ಲಿಸ್ಬ್ಯಾಡ," ಎಂದು ಆಚೆ ದಡಕ್ಕೆ ಎಳೆದು ತಂದಳು.

ದಡದಲ್ಲಿ ಜಯದೇವಪ್ಪನವರ ಪಂಚೆ ಅರ್ಧ ಬಿಳಿ, ಅರ್ಧ ಡಾಂಬರು. ಅವರು ನನ್ನ ತೆಪ್ಪದ ಗೋಣಿ ಮುಟ್ಟಿ ಬೆರಳು ಮೂಸಿದರು. "ಏನಮ್ಮಾ ಇದು, ತೆಪ್ಪಕ್ಕೆ ಒಗ್ಗರಣೆ ಹಾಕೀಯಾ?" ನೆರೆದವರೆಲ್ಲ ನಕ್ಕರು. ನನ್ನ ಗಂಡನೂ ನಕ್ಕರು.

ಮೂಗಮ್ಮ ನಗಲಿಲ್ಲ. ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಹೇಳಿದಳು: "ಚಳ್ಳಕೆರೆ ಗೋಣಿ ಅಲ್ವಾ ಮಂಜಿ? ಎಣ್ಣೆ ಇದ್ರೆ ಡಾಂಬರು ಕಚ್ಚಲ್ಲ. ಹೊಸಾ ಗೋಣಿಯಾಗೂ ಅದನ್ನ ನೇಯೋ ಮಿಲ್ಲಿನೋರು ಒಂಚೂರು ಎಣ್ಣೆ ಹಾಕಿರ್ತಾರೆ, ಅದ್ಕೇ ಬೂದಿನೀರಾಗೆ ಕುದಿಸೋದು. ಹೊಲಿಗೆ ಮಾತ್ರ ಭಾಳ ಚೆಂದ ಹಾಕೀಯ. ನನ್ನದ್ಕಿಂತ ಒಂದು ಹೆಚ್ಚೈತೆ."

ಎಣಿಸಿದ್ದಳು. ಒಂದು ನೋಟಕ್ಕೇ ಎಣಿಸಿದ್ದಳು. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅವಳು ಹೊಗಳಿದಳು, ಅದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ದಾಟಿಸುವ ಕೆಲಸ ಅವಳಿಗೆ ಸಿಕ್ಕಿತು. ಹಟ್ಟಿಯವರು ಅವಳಿಗೊಂದು ಕೋಣೆ ಕೊಟ್ಟರು, ಗೋಡೆ ಇರುವುದು. ನಾವು ತೆಪ್ಪದ ಕೆಳಗೇ ಉಳಿದೆವು. ಎರಡು ವರ್ಷದ ನಂತರ ನನ್ನ ಗಂಡ ಕಾಮಾಲೆಯಾಗಿ ತೀರಿಕೊಂಡರು. ಮೂಗಮ್ಮ ಬಂದು ತನ್ನ ಕೋಣೆಗೆ ಕರೆದಳು. ನಾನು ಒಂದು ತಿಂಗಳು ಹೋಗಲಿಲ್ಲ. ಆಮೇಲೆ ಹೋದೆ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಅವಳ ಕಣ್ಣಿಗೆ ಪೊರೆ ಬಂತು. ದಬ್ಬಳವನ್ನೂ ದಾರವನ್ನೂ ನನ್ನ ಮುಂದೆ ಇಟ್ಟಳು. "ಕಾಣ್ತಿಲ್ಲ ಕಣೇ. ಈ ಸಲ ಪೂರಾ ನೀನೇ ಹಾಕು."

ಗೋಣಿಯನ್ನು ಮೂರು ಸಲ ಬೂದಿನೀರಿನಲ್ಲಿ ಕುದಿಸಿದೆ, ಅವಳಿಗಿಂತ ಒಂದು ಸಲ ಹೆಚ್ಚು. ಗೇಣಿಗೆ ಒಂಬತ್ತು ಹೊಲಿಗೆ. ಡಾಂಬರು ಆರಿದ ಮೇಲೆ ಉಗುರು ಹಾಕಿ ಕೆರೆದರೂ ಏಳಲಿಲ್ಲ. ಆ ವರ್ಷದ ಆಷಾಢದಲ್ಲಿ ಜಯದೇವಪ್ಪನವರು ಅದರಲ್ಲೇ ದಾಟಿದರು. ಅಂಗೈಯಿಂದ ಅಂಚು ಸವರಿ ನೋಡಿ, "ಕಣ್ಣಿಲ್ದಿದ್ರೂ ಮೂಗಮ್ಮನ ಕೈ ಕೈಯೇ ಬಿಡು! ಇಪ್ಪತ್ತು ವರ್ಷದಾಗೆ ಇಂಥ ಹೊಲಿಗೆ ನೋಡಿಲ್ಲ," ಎಂದರು.

ನಾನು ಹುಟ್ಟು ಹಿಡಿದು ಅಲ್ಲೇ ಕೂತಿದ್ದೆ. ಮೂಗಮ್ಮ ಹೇಳುತ್ತಾಳೋ ಇಲ್ಲವೋ ಎಂದು ಅವಳ ಬಾಯಿಯನ್ನೇ ನೋಡಿದೆ.

"ನಂದಲ್ರೀ ಗೌಡ್ರೆ. ಒಂದೊಂದ್ ಹೊಲಿಗೇನೂ ಮಂಜೀದೇ," ಎಂದಳು.

ಜಯದೇವಪ್ಪನವರು ನನ್ನನ್ನು ನೋಡಿದರು. ಅವರಿಗೆ ಒಗ್ಗರಣೆ ನೆನಪಾಗಿರಬೇಕು, ಹೊಟ್ಟೆ ಹಿಡಿದು ನಕ್ಕರು. "ನೋಡ್ರಪ್ಪಾ, ದೊಡ್ಡ ಗುಣ ಅಂದ್ರೆ ಇದು! ತಾನ್ ಮಾಡಿದ್ದನ್ನ ಇನ್ನೊಬ್ರ ಹೆಸರಿಗೆ ಹಾಕ್ತಾಳೆ!"

ಮೂಗಮ್ಮ ಮತ್ತೆ ಎರಡು ಸಲ ಹೇಳಿದಳು. ಹೇಳಿದಷ್ಟೂ ಅವಳೇ ದೊಡ್ಡವಳಾದಳು.

ಎರಡು ಸಾವಿರದ ಆರರಲ್ಲಿ ಅವಳು ಹೋದಳು. ತೆಪ್ಪ ನನ್ನ ಪಾಲಿಗೆ ಬಂತು. ಹಾಯಿ, ಗಾಲಿ, ಬೀಸುಕಲ್ಲು ಎಲ್ಲ ಅವಳು ಇಟ್ಟ ಹಾಗೇ ಇವೆ. ಬಿದಿರಿನಲ್ಲಿ ಅರ್ಧಕ್ಕಿಂತ ಹೆಚ್ಚು ದಬ್ಬೆ ಈಗ ನಾನು ನೇಯ್ದದ್ದು. ಗೋಣಿ ನನ್ನದು, ಡಾಂಬರು ನನ್ನದು. ಆದರೂ ಆಚೆ ದಡದಿಂದ ಜನ ಕೂಗುವುದು ಹೀಗೆ: "ಮೂಗಮ್ಮನ ತೆಪ್ಪಾ ಬರ್ಲೀ!"

ನಾನು ಹೋಗುತ್ತೇನೆ. ಸ್ವಲ್ಪ ತಡ ಮಾಡಿ ಹೋಗುತ್ತೇನೆ.

ಹೋದ ಬೇಸಿಗೆ ರಾಂಪುರದ ಕಡೆಯಿಂದ ಚಿಕ್ಕಕ್ಕ ಎಂಬ ಹೆಂಗಸು ಬಂದಿದ್ದಳು. ಹೊಸ ತೆಪ್ಪ ಕಟ್ಟುತ್ತಾಳಂತೆ, ಕೆಲಸ ಹೇಳಿಕೊಡು ಎಂದಳು. ದಬ್ಬೆ ತಟ್ಟುವುದನ್ನು ಹೇಳಿಕೊಟ್ಟೆ. ಬೇವಿನೆಣ್ಣೆಯ ಲೆಕ್ಕ ಹೇಳಿದೆ. ಹೊಲಿಗೆ ಹಾಕಿ ತೋರಿಸಿದೆ. ಅವಳ ಬೆರಳು ಚುರುಕು. ನಾನು ನೋಡುತ್ತಿದ್ದ ಹಾಗೇ ಗೇಣಿಗೆ ಹತ್ತು ಹಾಕಿದಳು.

ಬೂದಿನೀರಿನ ವಿಷಯವನ್ನು ಅವಳು ಬಸ್ಸು ಹತ್ತಿದ ಮೇಲೆ, ಕಿಟಕಿಯ ಹತ್ತಿರ ನಿಂತು ಹೇಳಿದೆ. ಹೇಳಿದ್ದಂತೂ ಹೌದು. ಬಸ್ಸು ಹೊರಟು ಶಬ್ದ ಮಾಡುತ್ತಿತ್ತು. ಅವಳು ಕಿವಿಗೆ ಕೈ ಇಟ್ಟು, "ಏನಂದ್ರೀ?" ಎಂದಳು. ಮೂಗಮ್ಮ ಆಗಿದ್ದರೆ ಬಸ್ಸಿನ ಹಿಂದೆ ಓಡುತ್ತಿದ್ದಳು. ಅದು ನೆನಪಾಗಿ ಮೈಯೆಲ್ಲ ಉರಿಯಿತು, ಆ ಉರಿಗೇ ಚಪ್ಪಲಿ ಬಿಟ್ಟು ಬಸ್ಸಿನ ಹಿಂದೆ ಓಡಿದೆ.